ಖಾನಾಪುರದ ಬಸ್ಸು, ಉದ್ಯಮಬಾಗದ ಪಾಳಿ

ಕೌಶಲ್ಯ ಯೋಜನೆಯ ಕೆಲಸಕ್ಕೆ ಹೊಸದಾಗಿ ಬಂದವರು ಸಾಮಾನ್ಯವಾಗಿ ಎರಡು ಪಟ್ಟಿ ಮಾಡಿಕೊಳ್ಳುತ್ತಾರೆ. ಒಂದರಲ್ಲಿ ಕಾರ್ಖಾನೆಗಳಲ್ಲಿ ಖಾಲಿ ಇರುವ ಜಾಗಗಳು, ಇನ್ನೊಂದರಲ್ಲಿ ಕೆಲಸ ಹುಡುಕುತ್ತಿರುವವರ ಹೆಸರುಗಳು. ಎರಡನ್ನೂ ಹೊಂದಿಸಿದರೆ ಮುಗಿಯಿತು ಎಂದುಕೊಳ್ಳುತ್ತಾರೆ. ಅಷ್ಟು ಸುಲಭಕ್ಕೆ ಅವು ಹೊಂದುವುದಿಲ್ಲ. ಏಕೆಂದು ಬೆಳಗಾವಿ ಮತ್ತು ಖಾನಾಪುರವನ್ನೇ ಇಟ್ಟುಕೊಂಡು ನೋಡೋಣ.

ಕಾಗದದ ಮೇಲೆ ಯೋಜನೆ ಇರುವುದು ಜಿಲ್ಲೆಗೆ. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಕೌಶಲ್ಯ ಸಮಿತಿ ಅದನ್ನು ರೂಪಿಸುತ್ತದೆ. ದುಡಿಯುವವರು ಮಾತ್ರ ಜಿಲ್ಲೆಯ ಗಡಿ ನೋಡಿ ಕೆಲಸಕ್ಕೆ ಹೋಗುವುದಿಲ್ಲ. ನಿಪ್ಪಾಣಿಯವರಿಗೆ ಕೊಲ್ಹಾಪುರ, ಇಚಲಕರಂಜಿ ಹತ್ತಿರ. ಖಾನಾಪುರದವರಿಗೆ ಒಂದು ಕಡೆ ಬೆಳಗಾವಿ, ಇನ್ನೊಂದು ಕಡೆ ಘಟ್ಟ ಇಳಿದರೆ ಗೋವಾ. ಆದ್ದರಿಂದ ಮೊದಲು ನಕಾಶೆ ಹರಡಿ, ಯಾವ ಊರಿನವರು ಬೆಳಿಗ್ಗೆ ಹೊರಟು ರಾತ್ರಿ ಮನೆ ಸೇರಬಲ್ಲರು ಎಂದು ಗುರುತು ಹಾಕಿ.

ಖಾನಾಪುರ ಪಟ್ಟಣದವರಿಗೆ ಇಲ್ಲೊಂದು ಅನುಕೂಲವಿದೆ. ಫೌಂಡ್ರಿ ಮತ್ತು ಮಷಿನ್ ಶಾಪ್‌ಗಳಿಗೆ ಹೆಸರಾದ ಉದ್ಯಮಬಾಗ, ಅದಕ್ಕೂ ಈಚೆಯ ಮಚ್ಛೆ, ಎರಡೂ ಖಾನಾಪುರ ರಸ್ತೆಯಲ್ಲೇ ಇವೆ. ಸುಮಾರು 26 ಕಿಲೋಮೀಟರ್ ದೂರದ ಬೆಳಗಾವಿಯ ಒಳಗೆ ಹೋಗುವ ಮೊದಲೇ ಇಳಿಯಬಹುದು. ಅದೇ ತಾಲ್ಲೂಕಿನ ಭೀಮಗಡ ಕಾಡಿನ ಆಮಗಾಂವ, ಗವಾಳಿಯಂಥ ಊರುಗಳ ಲೆಕ್ಕವೇ ಬೇರೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಅಲ್ಲಿಂದ ಹೊರಬರುವುದೇ ಕಷ್ಟ. ಅಲ್ಲಿಯ ಹುಡುಗನಿಗೆ ತರಬೇತಿಯ ಜೊತೆಗೆ ಉಳಿಯಲು ಹಾಸ್ಟೆಲ್ ಬೇಕು. ಹಾಸ್ಟೆಲ್ ಇಲ್ಲದ ಯೋಜನೆಯಲ್ಲಿ ಅವನ ಹೆಸರಿಗೆ ಅರ್ಥವಿಲ್ಲ.

ಈಗ ಮಾಲೀಕರ ಕಡೆ ಬನ್ನಿ. 'ಕೆಲಸಕ್ಕೆ ಹುಡುಗರು ಸಿಗುವುದಿಲ್ಲ ನೋಡ್ರಿ' ಎಂಬ ಮಾತು ನಿಮಗೆ ಮೊದಲ ದಿನವೇ ಕೇಳಿಸುತ್ತದೆ. ಅದನ್ನು ಹಾಗೆಯೇ ಬರೆದುಕೊಳ್ಳಬೇಡಿ. ಯಾವ ಕೆಲಸಕ್ಕೆ? ಮರಳಿನ ಅಚ್ಚು ಕಟ್ಟುವ ಮೋಲ್ಡರ್ ಬೇಕೋ, ಎರಕದ ಒರಟು ತೆಗೆಯುವವರು ಬೇಕೋ, ಸಿಎನ್‌ಸಿ ಆಪರೇಟರ್ ಬೇಕೋ? ಪಗಾರ ಎಷ್ಟು, ಯಾವ ಪಾಳಿ, ಕಂಪನಿಯ ನೇಮಕವೋ ಗುತ್ತಿಗೆದಾರನ ಕೈಯೋ? ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಜನ ಉಳಿದಿದ್ದಾರೆ? ಕೊನೆಯ ಪ್ರಶ್ನೆಗೆ ಉತ್ತರ ತಡವರಿಸಿದರೆ ಎಚ್ಚರವಾಗಿರಿ. ಕುಲುಮೆಯ ಬಿಸಿ, ಧೂಳು, ಕಡಿಮೆ ಪಗಾರ ನೋಡಿ ಜನ ಬಿಟ್ಟು ಹೋಗುತ್ತಿದ್ದರೆ ಅದು ಕೌಶಲ್ಯದ ಕೊರತೆಯಲ್ಲ. ಎಷ್ಟು ಬ್ಯಾಚ್ ತರಬೇತಿ ಕೊಟ್ಟರೂ ಆ ತೂತು ಮುಚ್ಚುವುದಿಲ್ಲ.

ಮಾಲೀಕರನ್ನು ತರಬೇತಿಯಲ್ಲೂ ಪಾಲುದಾರರನ್ನಾಗಿ ಮಾಡಲು ಕಾನೂನೇ ದಾರಿ ತೋರಿಸಿದೆ. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಒಟ್ಟು ಸಿಬ್ಬಂದಿಯ ಶೇ. 2.5ರಿಂದ 15ರಷ್ಟು ಅಪ್ರೆಂಟಿಸ್‌ಗಳನ್ನು ತೆಗೆದುಕೊಳ್ಳಲೇಬೇಕು. ಅದಕ್ಕಿಂತ ಚಿಕ್ಕ ಘಟಕಗಳಿಗೆ ಕಡ್ಡಾಯವಿಲ್ಲ. ಉದ್ಯಮಬಾಗದಲ್ಲಿ ಚಿಕ್ಕ ಘಟಕಗಳು ಬಹಳ. ಹಾಗಾಗಿ ನಾನಾದರೆ ಕಾಯ್ದೆ ತೋರಿಸಿ ಹೆದರಿಸುವ ಬದಲು ನಾಲ್ಕೈದು ಘಟಕಗಳನ್ನು ಒಟ್ಟು ಕೂರಿಸಿ, ಸರ್ಕಾರಿ ಟೂಲ್ ರೂಮ್ ಮತ್ತು ತರಬೇತಿ ಕೇಂದ್ರದವರನ್ನೂ ಕರೆದು ಮಾತಾಡಿಸುತ್ತೇನೆ.

ಹೆಣ್ಣುಮಕ್ಕಳ ವಿಷಯದಲ್ಲಿ 2023ರ ಜೂನ್ 11ರಿಂದ ಒಂದು ಲೆಕ್ಕ ಬದಲಾಗಿದೆ: ಶಕ್ತಿ ಯೋಜನೆಯಿಂದ ಬಸ್ ಟಿಕೆಟ್ ಖರ್ಚು ಉಳಿಯಿತು. ಆದರೆ ಎರಡನೇ ಪಾಳಿ ಮುಗಿದ ಮೇಲೆ ಹಳ್ಳಿಗೆ ಬಸ್ಸೇ ಇಲ್ಲದಿದ್ದರೆ ಟಿಕೆಟ್ ಉಚಿತವಾಗಿ ಏನು ಬಂತು? ಸಮಿತಿಯ ಸಭೆಗೆ ಐಟಿಐ ಪ್ರಾಚಾರ್ಯರನ್ನು ಕರೆಯುವಷ್ಟೇ ಮುತುವರ್ಜಿಯಿಂದ ಬಸ್ ಡಿಪೋದವರನ್ನೂ ಕರೆಯಿರಿ. ಖಾನಾಪುರದ ಬಹಳ ಮನೆಗಳಲ್ಲಿ ಮರಾಠಿ ಮಾತಾಡುತ್ತಾರೆ. ಪ್ರಚಾರದ ಕರಪತ್ರ ಅವರಿಗೂ ತಿಳಿಯುವಂತಿರಲಿ.

ಎಲ್ಲರನ್ನೂ ನಗರಕ್ಕೇ ಸಾಗಿಸಬೇಕೆಂದೇನೂ ಇಲ್ಲ. ಖಾದಿ ಆಯೋಗದ ಕುಂಬಾರಿಕೆ ಸಂಸ್ಥೆ ಇರುವುದು ಖಾನಾಪುರದಲ್ಲೇ. ಊರಲ್ಲೇ ಉಳಿಯಬೇಕಾದವರ ಪಟ್ಟಿ ಮಾಡುವಾಗ ಅದನ್ನು ಮರೆಯಬೇಡಿ.

ಕೊಟ್ಟ ಪ್ರಮಾಣಪತ್ರಗಳನ್ನು ಎಣಿಸಿ ವರದಿ ಬರೆಯುವುದು ರೂಢಿ. ನೀವು ಆರು ತಿಂಗಳ ಬಳಿಕ ಒಬ್ಬೊಬ್ಬರಿಗೂ ಫೋನ್ ಮಾಡಿ. ಫೋನ್ ಎತ್ತಿದವನು ಪಣಜಿಯಲ್ಲಿದ್ದರೆ ಅಲ್ಲಿಯ ಪಗಾರ, ಬಾಡಿಗೆ, ಊಟದ ಖರ್ಚು ಕೇಳಿ ಬರೆದುಕೊಳ್ಳಿ. ಮುಂದಿನ ಸಭೆಯಲ್ಲಿ ಉದ್ಯಮಬಾಗದ ಮಾಲೀಕರ ಮುಂದೆ ಮೊದಲು ಇಡಬೇಕಾದದ್ದು ಆ ಹಾಳೆಯನ್ನೇ.