ಶುಶ್ರೂಷೆಗೆ ಹೊರಟ ಹೆಣ್ಣುಮಕ್ಕಳಿಗೆ



ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ಹೆಣ್ಣುಮಕ್ಕಳು ಶಾಲೆಯ ಅಭ್ಯಾಸವನ್ನು ಮುಗಿಸಿ ದಾದಿಯರ ಶಿಕ್ಷಣಕ್ಕೆ ಹೊರಡುವಾಗ, "ನನಗೆ ರೋಗಿಗಳ ಮೇಲೆ ಕನಿಕರವಿದೆ" ಎಂದು ಹೇಳುವದುಂಟು. ಕನಿಕರವು ಒಳ್ಳೆಯದೇ, ಆದರೆ ಅದು ನಮ್ಮನ್ನು ದವಾಖಾನೆಯ ಬಾಗಿಲವರೆಗೆ ಮಾತ್ರ ಕರೆದುಕೊಂಡು ಹೋಗುವದು. ಒಳಗೆ ಹೋದ ಮೇಲೆ ಬೇಕಾದದ್ದು ಲಕ್ಷ್ಯ.

ಈ ವಿದ್ಯೆಯು ನಮ್ಮ ಸೀಮೆಗೆ ಹೊಸದಲ್ಲ. ಮಿರಜಿನಲ್ಲಿ ಡಾ. ವಾನ್‌ಲೆಸ್‌ರವರು 1894ರಲ್ಲಿ ಮಿಶನ್ ದವಾಖಾನೆಯನ್ನು ತೆರೆದರು. ಅದೇ ರೈಲುದಾರಿಯ ಮೇಲಿರುವ ಘಟಪ್ರಭೆಯಲ್ಲಿ ಮುಂದೆ ಕರ್ನಾಟಕ ಆರೋಗ್ಯಧಾಮವು ಸ್ಥಾಪಿತವಾಯಿತು. ಕಲಿತ ದಾದಿಯ ಬೆಲೆ ಏನೆಂಬದನ್ನು ನಮ್ಮ ಜನರು ಇಂಥ ಸ್ಥಳಗಳಲ್ಲಿ ಕಂಡರು. ಹೊಸದಾಗಿ ಹೋಗುವವರು ಮೂರು ಪಾಠಗಳನ್ನು ಮನಸ್ಸಿನಲ್ಲಿಡತಕ್ಕದ್ದು.

ಮೊದಲನೆಯದು, ಕೈ ತೊಳೆಯುವದು. ವಿಯೆನ್ನಾ ಪಟ್ಟಣದ ಹೆರಿಗೆಯ ದವಾಖಾನೆಯಲ್ಲಿ 1847ರಲ್ಲಿ ಡಾ. ಸೆಮ್ಮೆಲ್‌ವೈಸ್ ಎಂಬವರು, ವೈದ್ಯರು ಕ್ಲೋರಿನ್ ಬೆರೆಸಿದ ನೀರಿನಲ್ಲಿ ಕೈ ತೊಳೆಯುವಂತೆ ನಿಯಮ ಮಾಡಿದರು; ಬಾಣಂತಿಯರ ಮರಣಗಳು ಬಹಳ ಕಡಿಮೆಯಾದವು. ಒಬ್ಬ ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಕೈ ತೊಳೆಯಿರಿ. ಅವಸರವು ಇದಕ್ಕೆ ನೆವವಲ್ಲ.

ಎರಡನೆಯದು, ಕೇಳುವದು. ಔಷಧ ಕೊಡುವ ಮುಂಚೆ ಯಾರಿಗೆ, ಯಾವ ಔಷಧ, ಎಷ್ಟು, ಯಾವ ವಿಧದಿಂದ, ಎಷ್ಟು ಹೊತ್ತಿಗೆ ಎಂಬ ಐದನ್ನು ನೋಡಬೇಕು. ನಮ್ಮ ಕಡೆಯ ಒಂದೇ ವಾರ್ಡಿನಲ್ಲಿ ಇಬ್ಬರು ಯಲ್ಲವ್ವಗಳು ಮಲಗಿರಬಹುದು. "ನೀವು ಯಲ್ಲವ್ವನೇ?" ಎಂದರೆ ಕಿವಿ ಕೇಳದ ಮುದುಕಿ ಹೌದೆಂದಾಳು. "ನಿಮ್ಮ ಹೆಸರೇನು, ಊರು ಯಾವುದು?" ಎಂದು ಕೇಳಿರಿ. ಸಂಶಯ ಬಂದರೆ ಹಿರಿಯರನ್ನು ಕೇಳಿರಿ. ಬೈಗಳು ತಿಂದರೂ ಚಿಂತೆಯಿಲ್ಲ.

ಮೂರನೆಯದು, ನಿಜವನ್ನು ಬರೆಯುವದು. ನಾನು ಕಲಿಯುತ್ತಿದ್ದಾಗ ಒಂದು ರಾತ್ರಿ ನಿದ್ರೆಯ ಭಾರದಿಂದ ಒಬ್ಬ ಹೆಂಗಸಿನ ಉಸಿರಾಟವನ್ನು ಎಣಿಸದೆ, ಹಿಂದಿನವರು ಬರೆದಿದ್ದ 20 ಎಂಬ ಅಂಕಿಯನ್ನೇ ಬರೆದುಬಿಟ್ಟೆನು. ಬೆಳಗಿನ ಸಿಸ್ಟರರು ಒಂದು ನಿಮಿಷ ಪೂರ್ತಿ ಎಣಿಸಿದಾಗ ಅದು 36 ಇತ್ತು. ರೋಗವು ಬಲಿಯುವಾಗ ಉಸಿರು ಅನೇಕ ಸಾರೆ ಮೊದಲೇ ಎಚ್ಚರಿಕೆ ಕೊಡುತ್ತದೆ. ಆ ಎಚ್ಚರಿಕೆಯನ್ನು ನಾನು ಮುಚ್ಚಿಟ್ಟಿದ್ದೆನು. ದೇವರ ದಯದಿಂದ ಆಕೆ ಬದುಕಿದಳು. ನಾನು ತಪ್ಪನ್ನು ಒಪ್ಪಿಕೊಂಡೆನು. ತಪ್ಪು ಮಾಡಿದಾಗ ಕೂಡಲೇ ಹೇಳಿದರೆ ರೋಗಿಗೆ ಉಪಾಯವುಂಟು, ಅಡಗಿಸಿದರೆ ಇಲ್ಲ.

ಕಷ್ಟಗಳೂ ಉಂಟು. ಪುಸ್ತಕಗಳು ಇಂಗ್ಲಿಷಿನಲ್ಲಿರುವದರಿಂದ ಕನ್ನಡದಲ್ಲಿ ಓದಿದವರು ಮೊದಲ ವರ್ಷ ಕಣ್ಣೀರಿಡುವದುಂಟು. ಧೈರ್ಯಗೆಡಬೇಡಿರಿ, ದಿನಕ್ಕೆ ಕೆಲವು ಶಬ್ದಗಳನ್ನು ಬರೆದು ಕಲಿಯಿರಿ. ಕಬ್ಬಿನ ಹೊಲದಿಂದ ಬಂದ ತಾಯಿ ತನ್ನ ನೋವನ್ನು ಹೇಳುವದು ಕನ್ನಡದಲ್ಲಿ, ಇಲ್ಲವೆ ಮರಾಠಿಯಲ್ಲಿ. ಅದನ್ನು ತಿಳಿದುಕೊಳ್ಳುವ ಕಿವಿ ನಿಮಗೆ ಆಗಲೇ ಇದೆ.

ತಂದೆತಾಯಿಗಳಿಗೆ ಒಂದು ಬಿನ್ನಹ. ಫೀ ಕಟ್ಟುವ ಮುಂಚೆ ಕಾಲೇಜಿಗೆ ಮಾನ್ಯತೆ ಇದೆಯೋ ಎಂದು ವಿಚಾರಿಸಿರಿ. ರಾತ್ರಿಯ ಪಾಳಿಯಿಂದ ಬಂದ ಮಗಳನ್ನು ಹಗಲು ನಿದ್ರಿಸಗೊಡಿರಿ. ಪರರ ಮಲಮೂತ್ರ ತೆಗೆಯುವ ಕೆಲಸವೆಂದು ಅದನ್ನು ಹೀನವೆಂದೆಣಿಸಬೇಡಿರಿ.

ಸಮಾರ್ಯದವನ ಸಾಮ್ಯವನ್ನು ನಾವೆಲ್ಲರೂ ಈ ಶಾಲೆಯಲ್ಲಿ ಕಲಿತೆವು. ಅವನು ದಾರಿಯಲ್ಲಿ ಬಿದ್ದವನನ್ನು ಕಂಡು ಕನಿಕರಪಟ್ಟು ಅಷ್ಟಕ್ಕೇ ನಿಲ್ಲಲಿಲ್ಲ. ಹತ್ತಿರ ಹೋಗಿ, ಗಾಯ ಕಟ್ಟಿ, ಛತ್ರಕ್ಕೆ ಕರೆತಂದು ಆರೈಕೆ ಮಾಡಿದನು, ಮರುದಿನದ ವೆಚ್ಚವನ್ನೂ ನೆನೆದನು. ನೀವೂ ಹಾಗೆಯೇ ಮಾಡಿರಿ.