ಮನೆ ಕಟ್ಟಿಯಾಯಿತು, ಇನ್ನು ಕಾಪಾಡುವುದು ಹೇಗೆ?



"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂಬ ಗಾದೆ ನಿಮಗೆ ತಿಳಿದೇ ಇದೆ. ಬೀಜಾಡಿಯಂಥ ಕಡಲ ಬದಿಯ ಊರಿನಲ್ಲಿ ಅದಕ್ಕೆ ಇನ್ನೊಂದು ಮಾತು ಸೇರಿಸಬೇಕು: ಕಟ್ಟಿದ ಮನೆಯನ್ನು ಇಪ್ಪತ್ತು ಮಳೆಗಾಲ ಕಾಪಾಡಿ ನೋಡು. ಮೇಸ್ತ್ರಿಯನ್ನು ಕರೆಸಿ, ಮನೆಮಂದಿಯೇ ಕಲ್ಲು ಹೊತ್ತು ಕಟ್ಟಿದ ಮನೆಗೆ ಗುತ್ತಿಗೆದಾರನೆಂಬವನಿಲ್ಲ. ಅದರ ಕುಂದುಕೊರತೆಗೆಲ್ಲ ಯಜಮಾನರೇ ಹೊಣೆ. ತೋಟದ ಉತ್ಪತ್ತಿಯನ್ನೂ ಸಾಲದ ಹಣವನ್ನೂ ಸುರಿದ ಮನೆ ಹತ್ತು ವರ್ಷಕ್ಕೇ ಬಿರುಕು ಬಿಟ್ಟರೆ ಆ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ.

ನಮ್ಮಲ್ಲಿ ಮನೆಗೆ ಶತ್ರುಗಳು ಮೂರು: ನೀರು, ಉಪ್ಪು, ಒರಲೆ. ಮೂರೂ ಕಣ್ಣಿಗೆ ಕಾಣದ ಕಡೆಯಿಂದಲೇ ಒಳಗೆ ಬರುತ್ತವೆ. ಆದಕಾರಣ ಕೈಯಲ್ಲಿರುವ ಹಣವನ್ನು ಮೊದಲು ಕಾಣದ ಕೆಲಸಕ್ಕೆ ವಿನಿಯೋಗಿಸಿರಿ. ಮುಂಬಾಗಿಲಿನ ಕೆತ್ತನೆ ಎರಡು ವರ್ಷ ತಡವಾದರೂ ನಡೆಯುತ್ತದೆ. ಅಂಗಳದ ಚರಂಡಿ ತಡವಾಗಬಾರದು.

೧. ನೀರು

ನಮ್ಮ ಕರಾವಳಿಯ ವರ್ಷದ ಮಳೆ ೪೦೦೦ ಮಿಲಿಮೀಟರಿನ ಆಸುಪಾಸು. ಲೆಕ್ಕ ಹಾಕಿ ನೋಡಿರಿ: ಸಾವಿರ ಚದರಡಿಯ ಮಾಡಿನ ಮೇಲೆ ಒಂದು ವರ್ಷದಲ್ಲಿ ಮೂರೂವರೆ ಲಕ್ಷ ಲೀಟರಿಗಿಂತ ಹೆಚ್ಚು ನೀರು ಬೀಳುತ್ತದೆ. ಇಷ್ಟು ನೀರು ಸೂರಿನಿಂದ ಇಳಿದು ಎಲ್ಲಿಗೆ ಹೋಗುತ್ತದೆ ಎಂಬುದನ್ನು ನೀವು ಮೊದಲೇ ನಿಶ್ಚಯಿಸಬೇಕು. ಪಂಚಾಂಗದ ಬುಡದಿಂದ ಹತ್ತು ಅಡಿ ದೂರಕ್ಕೆ ಆರು ಅಂಗುಲ ಇಳಿಜಾರು ಬರುವಂತೆ ಅಂಗಳವನ್ನು ತಟ್ಟಿಸಿರಿ. ಗೋಡೆಗೆ ತಾಗಿಸಿ ಹೂವಿನ ಪಾತಿ ಮಾಡಬೇಡಿ.

ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ೧೮೬೫ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ಮೇಲೆ ಹಬ್ಬಿದ ಹಂಚಿನ ಮಾಡು ನಮ್ಮ ಮಳೆಗೆ ಚೆನ್ನಾಗಿ ಒಗ್ಗಿದೆ. ಆದರೆ ಅದಕ್ಕೆ ವರ್ಷಕ್ಕೊಮ್ಮೆ ಕೈಯಾಡಿಸಲೇಬೇಕು. ಒಂದು ಕಾರ್ಖಾನೆಯ ಹಂಚು ಇನ್ನೊಂದರ ಹಂಚಿನೊಡನೆ ಸರಿಯಾಗಿ ಕಚ್ಚಿಕೊಳ್ಳುವುದಿಲ್ಲವಾದ್ದರಿಂದ, ಹೊದಿಸುವಾಗಲೇ ಅದೇ ಗುರುತಿನ ಐವತ್ತು ಹಂಚುಗಳನ್ನು ಹೆಚ್ಚಿಗೆ ತಂದಿಟ್ಟುಕೊಳ್ಳಿರಿ. ಮಾಡಿಗೆ ಹತ್ತುವವರು ಹಂಚನ್ನು ನೇರವಾಗಿ ಮೆಟ್ಟದೆ ಹಲಗೆ ಹಾಸಿಕೊಳ್ಳಲಿ. ಎರಡು ಮಾಡು ಕೂಡುವ ಮೂಲೆಯಲ್ಲಿ ತರಗೆಲೆ ಕಟ್ಟಿಕೊಂಡರೆ ನೀರು ಹಿಂದಕ್ಕೆ ತಿರುಗಿ ಪಕ್ಕಾಸನ್ನು ಕೊಳೆಸುತ್ತದೆ. ಸೋರುವ ಜಾಗ ಮನೆಯ ಹೆಂಗಸರಿಗೆ ಎಲ್ಲರಿಗಿಂತ ಮೊದಲು ತಿಳಿದಿರುತ್ತದೆ. ಅವರನ್ನು ಕೇಳಿ ಕೆಲಸ ಹಿಡಿಯಿರಿ.

ಮುರಕಲ್ಲಿನ ವಿಷಯವನ್ನೂ ಹೇಳಬೇಕು. ೧೮೦೦-೦೧ರಲ್ಲಿ ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಎಂಬವರು ಈ ಕಲ್ಲು ಕಡಿಯುವಾಗ ಮೆತ್ತಗಿದ್ದು ಗಾಳಿಗೆ ಗಟ್ಟಿಯಾಗುವುದನ್ನು ಬರೆದಿಟ್ಟಿದ್ದಾರೆ. ಕಡಿದು ತಂದ ಕಲ್ಲನ್ನು ಕೆಲಕಾಲ ಬಿಸಿಲು ಗಾಳಿಗೆ ಬಿಟ್ಟು ಆಮೇಲೆ ಕಟ್ಟಬೇಕೆನ್ನುವುದು ಇದಕ್ಕಾಗಿಯೇ. ಈ ಕಲ್ಲು ತೇವವನ್ನು ಹೀರಿಕೊಂಡು ಮತ್ತೆ ಹೊರಗೆ ಬಿಡುತ್ತದೆ. ತೇವವಿರುವ ಗೋಡೆಗೆ ಗಟ್ಟಿ ಸಿಮೆಂಟ್ ಗಾರೆ ಮೆತ್ತಿ ಎಣ್ಣೆ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿ ಬಣ್ಣ ಹೊಪ್ಪಳೆ ಏಳುತ್ತದೆ. ಅಂಥ ಗೋಡೆಗೆ ಸುಣ್ಣವೇ ಲೇಸು.

೨. ಉಪ್ಪು

ಹೊಸ ಮನೆಗಳಿಗೆ ತಾರಸಿ ಹಾಕುವವರು ಇದನ್ನು ಗಮನವಿಟ್ಟು ಓದಬೇಕು. ಕಡಲ ಗಾಳಿಯ ಉಪ್ಪು ಕಾಂಕ್ರೀಟಿನೊಳಗೆ ಇಳಿದು ಕಬ್ಬಿಣದ ಸರಳನ್ನು ಮುಟ್ಟಿದರೆ ತುಕ್ಕು ಹಿಡಿಯುತ್ತದೆ. ತುಕ್ಕು ಮೊದಲಿನ ಕಬ್ಬಿಣಕ್ಕಿಂತ ಎರಡು ಪಾಲಿಗೂ ಹೆಚ್ಚು ಜಾಗ ಹಿಡಿಯುವುದರಿಂದ ಕಾಂಕ್ರೀಟು ಒಳಗಿನಿಂದಲೇ ಒಡೆದು ಚಕ್ಕೆ ಚಕ್ಕೆಯಾಗಿ ಬೀಳುತ್ತದೆ. ಕೆಳಗೆ ಮಲಗಿದ ಮಗುವಿನ ಮೇಲೆ ಅದು ಬಿದ್ದರೆ ಏನಾದೀತೆಂದು ಯೋಚಿಸಿರಿ.

ಇದಕ್ಕೆ ಪರಿಹಾರಗಳು ಹೀಗಿವೆ:

ಕಡಲ ದಂಡೆಯ ಮರಳನ್ನೂ ಉಪ್ಪು ನೀರನ್ನೂ ಬಳಸಲೇಬಾರದು.

ಐ.ಎಸ್. ೪೫೬ ಎಂಬ ಭಾರತೀಯ ಮಾನಕದ ೨೦೦೦ದ ಆವೃತ್ತಿಯಂತೆ, ಕಡಲ ಗಾಳಿಗೆ ತೆರೆದಿರುವ ಭಾಗದಲ್ಲಿ ಸರಳಿನ ಹೊರಗೆ ೪೫ ಮಿಲಿಮೀಟರ್, ಮರೆಯಲ್ಲಿರುವ ಭಾಗದಲ್ಲಿ ೩೦ ಮಿಲಿಮೀಟರ್ ಕಾಂಕ್ರೀಟು ಇರತಕ್ಕದ್ದು. ಕಾಂಕ್ರೀಟು ಸುರಿಯುವ ಮೊದಲು ನೀವೇ ಅಳತೆ ಹಿಡಿದು ನೋಡಿರಿ.

೫೦ ಕಿಲೋ ಸಿಮೆಂಟಿನ ಚೀಲಕ್ಕೆ ಮರಳಿನ ತೇವವೂ ಸೇರಿ ೨೨ ಲೀಟರಿಗಿಂತ ಹೆಚ್ಚು ನೀರು ಬೇಡ. ನೀರು ಹೆಚ್ಚಾದರೆ ಕೈಯಾಡಿಸಲು ಸುಲಭ; ಆದರೆ ಆರಿದ ಮೇಲೆ ಕಾಂಕ್ರೀಟಿನೊಳಗೆ ಸೂಕ್ಷ್ಮ ರಂಧ್ರಗಳು ಉಳಿಯುತ್ತವೆ.

ಬಿಸಿಲುಗಾಲದಲ್ಲಿ ಹದಿನಾಲ್ಕು ದಿನ ಬಿಡದೆ ನೀರು ನಿಲ್ಲಿಸಿರಿ.

ಈಗಾಗಲೇ ಚಕ್ಕೆ ಎದ್ದಿದ್ದರೆ ಅದರ ಮೇಲೆ ಗಾರೆ ಮೆತ್ತಿ ಮುಚ್ಚಬೇಡಿ. ಒಳಗೆ ತುಕ್ಕು ಬೆಳೆಯುತ್ತಲೇ ಇರುತ್ತದೆ. ಸಡಿಲಾದ ಭಾಗವನ್ನೆಲ್ಲ ಕಡಿದು, ಸರಳನ್ನು ಸುತ್ತಲೂ ಉಜ್ಜಿ ಶುದ್ಧಮಾಡಿಸಿ, ತಿಳಿದ ಇಂಜಿನಿಯರರಿಗೆ ತೋರಿಸಿಯೇ ದುರಸ್ತಿ ಮಾಡಿಸಿರಿ.

ಬಾಗಿಲು ಕಿಟಕಿಗಳಿಗೆ ಹಿತ್ತಾಳೆಯ ಅಥವಾ ತುಕ್ಕು ಹಿಡಿಯದ ಉಕ್ಕಿನ ಬಿಜಾಗರಿ ಹಾಕಿರಿ. ತಿರುಪುಮೊಳೆಯೂ ಅದೇ ಲೋಹದ್ದಾಗಿರಲಿ. ಎರಡು ಲೋಹ ಸೇರಿ ಉಪ್ಪುತೇವ ತಾಗಿದರೆ ಅವುಗಳಲ್ಲೊಂದು ಬೇಗ ಸವೆಯುತ್ತದೆ.

೩. ಒರಲೆ

ಗೋಡೆಯ ಮೇಲೆ ಮಣ್ಣಿನ ಗೆರೆ ಕಂಡರೆ ಅದೇ ಒರಲೆಯ ದಾರಿ. ಕಟ್ಟಿಗೆ, ಮಡಲು, ಹುಲ್ಲುಗಳನ್ನು ಗೋಡೆಗೆ ಒರಗಿಸಿ ರಾಶಿ ಹಾಕಬೇಡಿ. ಸೆಂಟ್ರಿಂಗ್ ಹಲಗೆಯ ತುಂಡುಗಳನ್ನು ಪಂಚಾಂಗದ ಮಣ್ಣಿನಲ್ಲಿ ಹೂಳಬೇಡಿ. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ನಮ್ಮ ಕಡೆಯ ಹಳೆಯ ಪದ್ಧತಿ. ಒಳ್ಳೆಯದೇ, ಆದರೆ ಅದು ಚರ್ಮವನ್ನು ಸುಡುವುದರಿಂದ ಕೈಗವಸು ಹಾಕಿಕೊಂಡೇ ಬಳಿಯಿರಿ.

೪. ಜೀವಕ್ಕೆ ಸಂಬಂಧಿಸಿದ ಎರಡು ಮಾತು

ನೆನೆದ ಗೋಡೆಯಲ್ಲಿ ಕರೆಂಟು ಸೋರುವುದುಂಟು. ಮೀಟರಿನ ಬಳಿಕ ೩೦ ಮಿಲಿ ಆಂಪಿಯರ್ ಸೋರಿಕೆಗೇ ಕಡಿಯುವ ಸ್ವಿಚ್ ಹಾಕಿಸಿ, ಅದರ ಪರೀಕ್ಷೆಯ ಗುಂಡಿಯನ್ನು ಆಗಾಗ ಒತ್ತಿ ನೋಡಿರಿ. ಮರಳು ನೆಲ ಬೇಗ ಒಣಗುವುದರಿಂದ ಬೇಸಗೆಯಲ್ಲಿ ಅರ್ಥಿಂಗ್ ಗುಂಡಿಗೆ ನೀರು ಹೊಯ್ಯಿರಿ.

ಶೌಚದ ಇಂಗುಗುಂಡಿ ಬಾವಿಯಿಂದ ಅರವತ್ತು ಅಡಿಯಾದರೂ ದೂರವಿರಲಿ. ಮರಳಿನಲ್ಲಿ ಹೊಲಸು ಬೇಗ ಹರಿಯುತ್ತದೆ. ನೆರೆಮನೆಯ ಬಾವಿಯನ್ನೂ ಅಳೆಯಲು ಮರೆಯಬೇಡಿ.

೫. ಮನೆಯ ಪುಸ್ತಕ

ಒಂದು ನೋಟುಪುಸ್ತಕವನ್ನು ಮನೆಗೆಂದೇ ಇಡಿರಿ. ಯಾವ ವರ್ಷ ಹಂಚು ಬದಲಿಸಿದಿರಿ, ಎಲ್ಲಿ ಸೋರಿತು, ಎಷ್ಟು ಖರ್ಚಾಯಿತು ಎಂದು ಬರೆಯಿರಿ. ಗೋಡೆಗೆ ಗಾರೆ ಮಾಡುವ ಮೊದಲು ವಯರು, ಪೈಪು ಹೋದ ದಾರಿಯನ್ನು ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟರೆ ಮುಂದೆ ಮೊಳೆ ಹೊಡೆಯುವಾಗ ಅನಾಹುತ ತಪ್ಪುತ್ತದೆ. ಬೆಳೆ ಮಾರಿದ ದಿನವೇ ದುರಸ್ತಿಗೆಂದು ಸ್ವಲ್ಪ ಹಣ ಬೇರೆ ತೆಗೆದಿಡಿರಿ.

ಗದ್ದೆಯ ಅಂಚಿನಲ್ಲಿ ಏಡಿ ಕೊರೆದ ತೂತನ್ನು ನೀವು ಒಂದು ಹಿಡಿ ಕೆಸರಿನಿಂದ ಮುಚ್ಚುತ್ತೀರಿ. ಬಿಟ್ಟರೆ ಅಂಚೇ ಒಡೆಯುತ್ತದೆಂದು ನಿಮಗೆ ಗೊತ್ತು. ಮನೆಯದೂ ಹಾಗೆಯೇ. ಮೇ ಕೊನೆಗೆ ರೋಹಿಣಿ ಮಳೆ ಹಿಡಿಯುವ ಮುಂಚೆ ಒಂದು ದಿನ ಬಿಡುವು ಮಾಡಿಕೊಂಡು, ಮನೆಮಂದಿಯೆಲ್ಲ ಸೇರಿ ಮಾಡಿನಿಂದ ಪಂಚಾಂಗದವರೆಗೆ ಒಂದು ಸುತ್ತು ನೋಡಿರಿ. ಕಂಡ ಕೊರತೆಯನ್ನು ಪುಸ್ತಕದಲ್ಲಿ ಬರೆದು, ಮಳೆ ಬರುವುದರೊಳಗೆ ಸರಿಪಡಿಸಿರಿ.