ಏಳು ಪಾಲು ಎಲ್ಲಿರುತ್ತದೆ?

ಚಿ. ಮೊಮ್ಮಗಳಿಗೆ,

ನಿನ್ನ ಕಾಗದ ಬಂದು ವಾರವಾಯಿತು. ಅದರಲ್ಲಿ ನೀನು ಬರೆದ ಅರ್ಥಶಾಸ್ತ್ರಜ್ಞ ರಾಬರ್ಟ್ ಸೋಲೋ ಅವರ ಲೆಕ್ಕವನ್ನು ಎರಡೆರಡು ಸಲ ಓದಿಕೊಂಡೆ. 1909ರಿಂದ 1949ರ ನಡುವೆ ಅಮೆರಿಕದಲ್ಲಿ ಒಂದು ಗಂಟೆಯ ದುಡಿಮೆಗೆ ಸಿಗುವ ಉತ್ಪನ್ನ ದುಪ್ಪಟ್ಟಾಯಿತು. ಆ ಹೆಚ್ಚಳದಲ್ಲಿ ಬಂಡವಾಳದಿಂದ ಬಂದದ್ದು ಎಂಟರಲ್ಲಿ ಒಂದು ಪಾಲು, ಮಿಕ್ಕ ಏಳು ಪಾಲೂ ತಂತ್ರಜ್ಞಾನದ್ದು ಎಂದು ಅವರು 1957ರಲ್ಲಿ ಬರೆದರು ಅಂದಿದ್ದೀಯ. ‘ಆ ಏಳು ಪಾಲು ಎಲ್ಲಿರುತ್ತೆ ತಾತ, ಕಣ್ಣಿಗೆ ಕಾಣುತ್ತಾ?’ ಎಂದೂ ಕೇಳಿದ್ದೀಯ. ಕಾಣುತ್ತೆ ಮಗಳೇ. ರೇಷ್ಮೆಹುಳುವಿನ ಮೊಟ್ಟೆ ತಯಾರಿಸುವ ಬಿತ್ತನೆ ಕೋಠಿಯಲ್ಲಿ ಮೂವತ್ತು ವರ್ಷ ಮೈಕ್ರೋಸ್ಕೋಪಿನ ಮುಂದೆ ಕೂತು ನಾನು ನೋಡಿದ್ದು ಅದನ್ನೇ. ನಿನ್ನ ಓರಗೆಯ ಮಕ್ಕಳಿಗೂ ಬೇಕಾದ ಮಾತು ಅನ್ನಿಸಿ ಈ ಕಾಗದವನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ.

ಮೊದಲು ನಮ್ಮ ಮನೆಯ ಸಂಗತಿ ಹೇಳುತ್ತೇನೆ, ನಿನಗೆ ಯಾರೂ ಹೇಳಿರಲಾರರು. ನನಗಾಗ ಹನ್ನೊಂದು ವರ್ಷ. ಅಪ್ಪ ಯಾರ ಹತ್ತಿರವೋ ಅಗ್ಗಕ್ಕೆ ಮೊಟ್ಟೆ ತಂದಿದ್ದರು, ಪರೀಕ್ಷೆ ಆಗದ ಮೊಟ್ಟೆ. ಎರಡನೇ ಜ್ವರದ ತನಕ, ಅಂದರೆ ಎರಡನೇ ಸಲ ಪೊರೆ ಕಳಚುವ ತನಕ, ಹುಳು ಚೆನ್ನಾಗಿಯೇ ಇದ್ದವು. ಆಮೇಲೆ ಒಂದೇ ತಟ್ಟೆಯಲ್ಲಿ ಒಂದು ಹುಳು ದಪ್ಪ, ಪಕ್ಕದ್ದು ನೂಲಿನಷ್ಟು ಸಣ್ಣ. ಮೈಮೇಲೆ ಕರಿಮೆಣಸಿನ ಪುಡಿ ಉದುರಿಸಿದ ಹಾಗೆ ಚುಕ್ಕೆ. ನಮ್ಮಜ್ಜಿ ದೃಷ್ಟಿ ತೆಗೆದರು, ಸಾಂಬ್ರಾಣಿ ಹೊಗೆ ಹಾಕಿದರು. ಅಪ್ಪ ಬೇರೆ ತೋಟದ ಸೊಪ್ಪು ತಂದರು. ಕೊನೆಗೆ ಮಂಕರಿಗಟ್ಟಲೆ ಹುಳುವನ್ನು ತಿಪ್ಪೆಗೆ ಸುರಿದು ಬಂದೆವು. ಆ ವರ್ಷ ನಮ್ಮಕ್ಕನ ಮದುವೆ ನಿಂತುಹೋಯಿತು. ಲೆಕ್ಕ ಹಾಕು: ಹಿಪ್ಪುನೇರಳೆ ತೋಟ ಇತ್ತು, ಮನೆ ಮಂದಿಯೆಲ್ಲ ರಾತ್ರಿ ಎದ್ದೆದ್ದು ಸೊಪ್ಪು ಹಾಕಿದ್ದರು, ಸಾಲ ತಂದ ದುಡ್ಡೂ ಇತ್ತು. ನಿಮ್ಮ ಪುಸ್ತಕದ ಭೂಮಿ, ದುಡಿಮೆ, ಬಂಡವಾಳ ಮೂರೂ ಇದ್ದವು. ಮೊಟ್ಟೆಯೊಳಗೆ ಏನು ಕೂತಿದೆ ಎಂಬುದೊಂದು ಗೊತ್ತಿರಲಿಲ್ಲ.

ಅದು ಗಂಟು ರೋಗ. ದಕ್ಷಿಣ ಫ್ರಾನ್ಸಿನ ರೈತರಿಗೂ ಆ ಚುಕ್ಕೆ ಕಂಡಾಗ ಮೆಣಸೇ ನೆನಪಾಗಿ ಅವರ ಮಾತಿನಲ್ಲಿ ಪೆಬ್ರಿನ್ ಎಂದು ಕರೆದರು. 1853ರಲ್ಲಿ ಫ್ರಾನ್ಸಿನಲ್ಲಿ ಸುಮಾರು 26,000 ಟನ್ ಗೂಡು ಬೆಳೆಯುತ್ತಿತ್ತು. 1865ರ ಹೊತ್ತಿಗೆ ಅದು 4,000 ಟನ್ನಿಗೆ ಇಳಿಯಿತು. ಅದೇ ವರ್ಷ ರಸಾಯನಶಾಸ್ತ್ರದ ಲೂಯಿ ಪಾಸ್ಚರ್ ತಮ್ಮ ಗುರು ಡ್ಯೂಮಾ ಅವರ ಮಾತಿಗೆ ಕಟ್ಟುಬಿದ್ದು ಆಲೆಸ್ ಪಟ್ಟಣಕ್ಕೆ ಬಂದರು. ರೇಷ್ಮೆಹುಳು ಅವರಿಗೆ ಗೊತ್ತೇ ಇರಲಿಲ್ಲ. ದಾರಿಯಲ್ಲಿ ಆವಿನ್ಯೋನ್ ಊರಿನ ಕೀಟಶಾಸ್ತ್ರಜ್ಞ ಫಾಬ್ರ್ ಮನೆಗೆ ಹೋಗಿ ಒಂದು ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಏನೋ ಇದೆಯಲ್ಲ ಎಂದು ಬೆರಗಾದರಂತೆ. ನಮ್ಮ ಬೀದಿಯ ಮಕ್ಕಳೂ ನಗುವಂಥ ಪ್ರಶ್ನೆ. ಆದರೆ ಕೇಳಲು ಅವರು ನಾಚಲಿಲ್ಲ. ಇದನ್ನು ನೀನು ನೆನಪಿಟ್ಟುಕೋ.

ಐದು ಬೆಳೆಗಾಲ ಅಲ್ಲಿ ಕೆಲಸ ಮಾಡಿದರು. ಆ ಅವಧಿಯಲ್ಲೇ ತಂದೆ ತೀರಿಕೊಂಡರು, ಇಬ್ಬರು ಹೆಣ್ಣುಮಕ್ಕಳು ತೀರಿಕೊಂಡರು, 1868ರಲ್ಲಿ ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಮೊದಮೊದಲು ಅವರ ಊಹೆಯೂ ತಪ್ಪಿತ್ತು. ರೋಗಿ ಹುಳುವಿನಲ್ಲಿ ಕಾಣುವ ಕಣಗಳು ರೋಗಕ್ಕೆ ಕಾರಣವಲ್ಲ, ರೋಗದ ಗುರುತು ಅಷ್ಟೇ ಎಂದುಕೊಂಡಿದ್ದರು. ಆ ಕಣಗಳನ್ನು ಅವರಿಗಿಂತ ಮೊದಲೇ ಇಟಲಿಯವರು ನೋಡಿದ್ದರು. ಪಾಸ್ಚರ್ ಮಾಡಿದ ದೊಡ್ಡ ಕೆಲಸವೆಂದರೆ ಅದನ್ನು ಒಂದು ಪದ್ಧತಿಗೆ ತಂದದ್ದು. ಒಂದೊಂದು ತಾಯಿ ಚಿಟ್ಟೆಯನ್ನೂ ಬೇರೆ ಬೇರೆ ಇಟ್ಟು ಮೊಟ್ಟೆ ಇಡಿಸು. ಆಮೇಲೆ ತಾಯಿಯನ್ನು ಅರೆದು ನೋಡು. ಕಣ ಕಂಡರೆ ಅದರ ಮೊಟ್ಟೆಯನ್ನೆಲ್ಲ ಸುಟ್ಟುಹಾಕು.

ನಾನು ಮಾಡಿದ್ದೂ ಅದೇ. ಬೆಳಗಿನ ಜಾವ ಗೂಡು ಸೀಳಿ ಚಿಟ್ಟೆ ಬರುತ್ತವೆ. ಗಂಡು ಹೆಣ್ಣು ಕೂಡಿಸಿ, ಹೊತ್ತು ನೋಡಿ ಬಿಡಿಸಿ, ಹೆಣ್ಣನ್ನು ಹಾಳೆಯ ಮೇಲಿಟ್ಟು ಅದರ ಮೇಲೆ ಪ್ಲಾಸ್ಟಿಕ್ ಆಲಿಕೆ ಬೋರಲು ಹಾಕುತ್ತೇವೆ. ರಾತ್ರಿ ಕತ್ತಲಲ್ಲಿ ಅದು ನಾನೂರು ಐನೂರು ಮೊಟ್ಟೆ ಇಡುತ್ತದೆ, ಸಾಸಿವೆಗಿಂತ ಸಣ್ಣದು. ಮಾರನೆಯ ದಿನ ಆ ತಾಯಿಯನ್ನು ಪುಟ್ಟ ಕಲ್ಲಿನ ಒರಳಿನಲ್ಲಿ ನಾಲ್ಕು ಹನಿ ದ್ರಾವಣ ಬಿಟ್ಟು ಅರೆದು, ಗಾಜಿನ ಮೇಲೆ ಒಂದು ತೊಟ್ಟು ಹಚ್ಚಿ, ಕಣ್ಣಿಡುವುದು. ಆರುನೂರು ಪಟ್ಟು ದೊಡ್ಡದಾಗಿ ಕಾಣುವ ಆ ಬೆಳಕಿನಲ್ಲಿ ಕೊಬ್ಬಿನ ಹನಿಗಳು, ಹೊಟ್ಟಿನಂಥ ಚೂರುಗಳು ತೇಲುತ್ತಿರುತ್ತವೆ. ಗಂಟು ರೋಗದ ಕಣವಾದರೆ ಪಾಲಿಶ್ ಮಾಡಿದ ಅಕ್ಕಿಕಾಳಿನ ಹಾಗೆ, ಅಂಡಾಕಾರ, ತಣ್ಣನೆಯ ಹೊಳಪು. ಒಂದು ಕಂಡರೂ ಆ ಹಾಳೆ ಬೆಂಕಿಗೆ. ಮೊದಲ ಸಲ ಅದನ್ನು ಕಂಡ ದಿನ ನಾನು ಎದ್ದು ಹೊರಗೆ ಹೋಗಿ ಅತ್ತಿದ್ದೆ. ಅಪ್ಪ ತಿಪ್ಪೆಗೆ ಸುರಿದ ಮಂಕರಿ ನೆನಪಾಗಿತ್ತು. ಇಷ್ಟು ಸಣ್ಣದಕ್ಕೆ ಅಕ್ಕನ ಮದುವೆ ನಿಂತಿತಲ್ಲ ಎಂದು ಹೊಟ್ಟೆ ಉರಿಯಿತು.

ಸಾವಿರಾರು ವರ್ಷ ಹುಳು ಸಾಕಿದ ಚೀನಾದವರಿಗೆ ‘ಹೇಗೆ’ ಎಂಬುದು ಪೂರ್ತಿ ಗೊತ್ತಿತ್ತು. ನಮ್ಮಜ್ಜಿಗೂ ಗೊತ್ತಿತ್ತು, ಹುಳು ಸೊಪ್ಪು ಮೇಯುವ ಸದ್ದು ಕೇಳಿಯೇ ಅವುಗಳ ಆರೋಗ್ಯ ಹೇಳುತ್ತಿದ್ದರು. ‘ಏಕೆ’ ಎಂಬುದು ಗೊತ್ತಿರಲಿಲ್ಲ. 2025ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದ ಮೂವರಲ್ಲಿ ಒಬ್ಬರಾದ ಜೋಯೆಲ್ ಮೋಕಿರ್ ಅವರು ಹೇಳುವುದೂ ಇದನ್ನೇ ಎಂದು ಓದಿ ನನಗೆ ಬಹಳ ಸಂತೋಷವಾಯಿತು. ಹೇಗೆ ಎನ್ನುವ ತಿಳಿವು ಮಾತ್ರ ಇದ್ದಾಗ ಒಂದೊಂದು ಹೊಸ ಉಪಾಯ ಹುಟ್ಟುತ್ತದೆ, ಸ್ವಲ್ಪ ದೂರ ಹೋಗಿ ನಿಂತುಬಿಡುತ್ತದೆ. ಏಕೆ ಎನ್ನುವುದು ಜೊತೆಗೂಡಿದಾಗ ಒಂದು ಉಪಾಯ ಇನ್ನೊಂದನ್ನು ಹೆರುತ್ತದೆ. ಬೆಳವಣಿಗೆ ನಿಲ್ಲದೆ ನಡೆಯಲು ಶುರುವಾದದ್ದು ಆಗ.

ಇನ್ನೊಂದು ವಿಚಾರ ನನ್ನನ್ನು ಬಹಳ ಕಾಡಿದೆ. ಮೈಕ್ರೋಸ್ಕೋಪಿನ ಪದ್ಧತಿ ಹುಟ್ಟಿದ್ದು ಫ್ರಾನ್ಸಿನಲ್ಲಿ, ಆದರೆ ಫ್ರಾನ್ಸಿನ ಹುಳು ಸಾಕಣೆ ಮೊದಲಿನ ಸ್ಥಿತಿಗೆ ಮರಳಲೇ ಇಲ್ಲ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ಏಷ್ಯಾದ ರೇಷ್ಮೆ ಸಲೀಸಾಗಿ ಬರತೊಡಗಿತು. ವಿದ್ಯೆಯ ಫಲ ಉಂಡವರು ಇಟಲಿಯವರು, ಅವರಿಗಿಂತ ಹೆಚ್ಚಾಗಿ ಜಪಾನಿನವರು.

ಜಪಾನಿನವರು ಏನು ಮಾಡಿದರು ಎಂಬುದನ್ನು ನಿಧಾನವಾಗಿ ಓದು. 1872ರಲ್ಲಿ ಅಲ್ಲಿನ ಸರ್ಕಾರ ತೊಮಿಯೋಕ ಎಂಬಲ್ಲಿ ಫ್ರಾನ್ಸಿನ ಪಾಲ್ ಬ್ರುನಾ ಅವರನ್ನು ಕರೆಸಿ, ಮುನ್ನೂರು ಬೇಸಿನ್ನುಗಳ ನೂಲು ಬಿಚ್ಚುವ ಕಾರ್ಖಾನೆ ಕಟ್ಟಿಸಿತು. ಕೆಲಸಕ್ಕೆ ಹೆಣ್ಣುಮಕ್ಕಳು ಸಿಗಲಿಲ್ಲ. ಆ ಪರದೇಶದವರು ಕೆಂಪು ವೈನ್ ಕುಡಿಯುವುದನ್ನು ಕಂಡು, ಅವರು ರಕ್ತ ಹೀರುತ್ತಾರೆ ಎಂದು ಊರೆಲ್ಲ ಸುದ್ದಿ. ಕಾರ್ಖಾನೆಯ ಮುಖ್ಯಸ್ಥ ಒದಾಕ ಅತ್ಸುತಾದ ತಮ್ಮ ಸ್ವಂತ ಮಗಳನ್ನೇ ಮೊದಲು ಸೇರಿಸಿದರು. ಮರುವರ್ಷ ಮಾತ್ಸುಶಿರೋದ ಸಮುರಾಯ್ ಮನೆತನದ ವಾದ ಎಯಿ ಎಂಬ ಹುಡುಗಿ ಬಂದಳು. ಕಲಿತು ತನ್ನೂರಿಗೆ ಹೋಗಿ ಅಲ್ಲಿನ ಹುಡುಗಿಯರಿಗೆ ಕಲಿಸಿದಳು, ಅನುಭವವನ್ನೆಲ್ಲ ಬರೆದಿಟ್ಟಳು. ತೊಮಿಯೋಕ ಕಾರ್ಖಾನೆ ಲಾಭ ತರಲಿಲ್ಲ, 1893ರಲ್ಲಿ ಸರ್ಕಾರ ಅದನ್ನು ಮಾರಿಬಿಟ್ಟಿತು. ದುಡ್ಡಿನ ಲೆಕ್ಕದಲ್ಲಿ ಸೋತ ಕಾರ್ಖಾನೆ ಅದು, ಕಲಿಸುವ ಶಾಲೆಯಾಗಿ ಗೆದ್ದಿತು. ಸೂವಾ ಕಡೆಯ ಸಣ್ಣ ಬಂಡವಾಳದ ಜನ ಆ ಯಂತ್ರವನ್ನು ನೋಡಿ, ಕಬ್ಬಿಣದ ಜಾಗದಲ್ಲಿ ಮರ, ಲೋಹದ ಬೇಸಿನ್ನಿನ ಜಾಗದಲ್ಲಿ ಮಣ್ಣಿನದು ಇಟ್ಟು, ಅಗ್ಗಕ್ಕೆ ತಮ್ಮದೇ ಮಾಡಿಕೊಂಡರು. 1906ರಲ್ಲಿ ತೊಯಾಮ ಕಮೆತಾರೊ ಎಂಬ ವಿಜ್ಞಾನಿ ಮೆಂಡಲನ ವಂಶವಾಹಿ ನಿಯಮ ರೇಷ್ಮೆಹುಳುವಿಗೂ ಒಪ್ಪುತ್ತದೆ ಎಂದು ತೋರಿಸಿ, ಎರಡು ತಳಿ ಕೂಡಿಸಿದ ಮೊದಲ ಪೀಳಿಗೆಯನ್ನೇ ಸಾಕಿ ಎಂದರು. ಅಮೆರಿಕದ ಹೊಲಗಳಿಗೆ ಹೈಬ್ರಿಡ್ ಜೋಳ ಬರುವ ಮೊದಲೇ ಜಪಾನಿನ ರೈತರ ಮನೆಯಲ್ಲಿ ಹೈಬ್ರಿಡ್ ಹುಳು ಇತ್ತು. 1909ರ ಹೊತ್ತಿಗೆ ರೇಷ್ಮೆ ನೂಲಿನ ರಫ್ತಿನಲ್ಲಿ ಜಪಾನ್ ಚೀನಾವನ್ನು ಹಿಂದೆ ಹಾಕಿತು. ಆ ದೇಶ ಹೊರಗಿನಿಂದ ಯಂತ್ರ ಕೊಂಡ ದುಡ್ಡಿನಲ್ಲಿ ದೊಡ್ಡ ಪಾಲು ಈ ಹುಳುವಿನ ಎಂಜಲಿನಿಂದ ಬಂದದ್ದು.

ಆ ಎಂಜಲನ್ನು ನೂಲಾಗಿ ಬಿಚ್ಚಿದ ಕೈಗಳನ್ನು ಮಾತ್ರ ಮರೆಯಬೇಡ. ಜಪಾನಿನ ಕಾರ್ಖಾನೆಗಳಲ್ಲಿ ಹಳ್ಳಿಯ ಹುಡುಗಿಯರು ಹಗಲು ಮುಗಿದರೂ ದುಡಿದರು, ಎಷ್ಟೋ ಮಂದಿ ಕ್ಷಯ ಹತ್ತಿಸಿಕೊಂಡು ಊರಿಗೆ ಮರಳಿದರು. ನಮ್ಮ ರಾಮನಗರ, ಮಾಗಡಿ ಕಡೆಯಲ್ಲೂ ಕುದಿನೀರಿನ ಬೇಸಿನ್ನಿನಲ್ಲಿ ಕೈಯಿಟ್ಟು ಎಳೆ ಹುಡುಕುತ್ತಿದ್ದ ಮಕ್ಕಳನ್ನು ನಾನೇ ಕಂಡಿದ್ದೇನೆ. ಬೆರಳ ಚರ್ಮ ನೆನೆದ ಅವಲಕ್ಕಿಯ ಹಾಗೆ ಬೆಳ್ಳಗೆ ಉಬ್ಬಿ, ಕೆಲವು ಕಡೆ ಕಿತ್ತುಬಂದಿರುತ್ತಿತ್ತು. ಉತ್ಪನ್ನ ದುಪ್ಪಟ್ಟಾಯಿತು ಎಂದು ನೀನು ನಾಳೆ ಗ್ರಾಫ್ ಬರೆಯುವಾಗ ಆ ಗೆರೆಯ ಕೆಳಗೆ ಯಾರ ಕೈ ಇದೆ ಎಂದು ಹುಡುಕು. ಆಟೋಮ್ಯಾಟಿಕ್ ರೀಲಿಂಗ್ ಯಂತ್ರ ಬಂದು ಕೈಯಿಂದ ನೂಲು ಬಿಚ್ಚುವ ಚರಕ ಕಡಿಮೆಯಾದಾಗ ನನಗೆ ನೆಮ್ಮದಿಯಾಯಿತು. ಅದೇ ಯಂತ್ರದಿಂದ ಚರಕದವರು ಕೆಲಸ ಕಳೆದುಕೊಂಡದ್ದೂ ನಿಜ. 1940ರಲ್ಲಿ ನೈಲಾನ್ ಕಾಲುಚೀಲ ಅಂಗಡಿಗೆ ಬಂದಾಗ ಜಪಾನಿನ ರೇಷ್ಮೆಗೂ ಅಂಥದೇ ಪೆಟ್ಟು ಬಿತ್ತು. ಹೊಸ ವಿದ್ಯೆ ಯಾರ ಅನ್ನ ಕಸಿಯುತ್ತದೆಯೋ ಅವರಿಗೆ ಇನ್ನೊಂದು ದಾರಿ ತೋರಿಸುವುದು ನಿಮ್ಮ ಶಾಸ್ತ್ರದ ಕೆಲಸವಲ್ಲವೇ? ಇದನ್ನು ನಿಮ್ಮ ಮೇಷ್ಟರನ್ನು ಕೇಳು.

ನಮ್ಮ ಕಡೆಗೆ ಬರುತ್ತೇನೆ. ಬೆಂಗಳೂರಿನಲ್ಲಿ ನೀನು ಬಸ್ಸಿನಲ್ಲಿ ಹೋಗುವಾಗ ಟಾಟಾ ಸಿಲ್ಕ್ ಫಾರಂ ಎಂಬ ನಿಲ್ದಾಣ ಸಿಗುತ್ತದಲ್ಲ, ಅದು ಬರೀ ಹೆಸರಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಜಮ್‌ಶೆಡ್‌ಜಿ ಟಾಟಾ ಜಪಾನಿನ ತಜ್ಞರನ್ನು ಕರೆಸಿ ಅಲ್ಲಿ ಹುಳು ಸಾಕಣೆ ಕಲಿಸಿದರು. ಹೆಚ್ಚುಕಡಿಮೆ ನೂರು ವರ್ಷದ ಮೇಲೆ, 1991ರಿಂದ, ಜಪಾನಿನವರು ಮತ್ತೆ ಬಂದು ಮೈಸೂರಿನ ಕೇಂದ್ರೀಯ ರೇಷ್ಮೆ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳ ಜೊತೆ ಕೂತರು. ನಮ್ಮ ಬಿಸಿಲಿಗೆ ವರ್ಷಕ್ಕೆ ಎರಡು ಪೀಳಿಗೆಯ ದ್ವಿತಳಿ ಹುಳು ತಡೆಯುವುದಿಲ್ಲ, ಅದು ಚಳಿ ದೇಶದ್ದು ಎಂದು ನಾವೆಲ್ಲ ನಂಬಿದ್ದೆವು. ಆ ಒಡನಾಟದಲ್ಲಿ ಸಿಎಸ್‌ಆರ್ ತಳಿಗಳು ಹುಟ್ಟಿದವು. ತಳಿ ಒಂದೇ ಸಾಲದು. ಮರಿ ಹುಳುವಿಗೆ ಚಾಕಿ ಕೇಂದ್ರ, ಬೇರೆ ಸಾಕಣೆ ಮನೆ, ಬ್ಲೀಚಿಂಗ್ ಪುಡಿಯಲ್ಲಿ ತೊಳೆಯುವ ಶಿಸ್ತು, ವಿ-1 ಹಿಪ್ಪುನೇರಳೆ ಎಲ್ಲ ಒಟ್ಟಿಗೆ ಬರಬೇಕಾಯಿತು. ನನ್ನ ಅಪ್ಪ ನೂರು ತಾಯಿ ಚಿಟ್ಟೆಗಳು ಇಟ್ಟ ಮೊಟ್ಟೆಗೆ 25–30 ಕಿಲೋ ಗೂಡು ಬಂದರೆ ದೇವರಿಗೆ ಕಾಯಿ ಒಡೆಯುತ್ತಿದ್ದರು. ಅದೇ ಜಮೀನಿನಲ್ಲಿ ನಿಮ್ಮ ಅಪ್ಪನಿಗೆ 65–70 ಕಿಲೋ ಬರುತ್ತದೆ. ಒಂದು ಕಿಲೋ ನೂಲಿಗೆ ಅಂದು ಹತ್ತು ಕಿಲೋಗೂ ಮೀರಿ ಗೂಡು ಬೇಕಿತ್ತು, ಇಂದು ಆರೇಳು ಕಿಲೋ ಸಾಕು. ಜಮೀನು ಒಂದು ಗುಂಟೆಯೂ ಹೆಚ್ಚಿಲ್ಲ. ನೀನು ಕೇಳಿದ ಏಳು ಪಾಲು ಇಲ್ಲಿದೆ.

ಇದು ತಾನಾಗಿ ಬರಲಿಲ್ಲ ಎಂಬುದು ನಾನು ನಿನಗೆ ಹೇಳಬೇಕಾದ ಮುಖ್ಯ ಮಾತು. ಪುಸ್ತಕದಲ್ಲಿ ಬರೆದಿಟ್ಟ ವಿದ್ಯೆ ನಮ್ಮ ಊರಿನ ಬಾಗಿಲಿಗೆ ಬಂದು ಎಷ್ಟೋ ವರ್ಷ ಹೊಸ್ತಿಲಲ್ಲೇ ಕೂತಿತ್ತು. ಪಾಸ್ಚರ್ ಪುಸ್ತಕ ಅಚ್ಚಾದದ್ದು 1870ರಲ್ಲಿ. ನಮ್ಮಪ್ಪ ಪರೀಕ್ಷೆ ಇಲ್ಲದ ಮೊಟ್ಟೆ ತಂದದ್ದು ಅದಾದ ಎಷ್ಟು ಕಾಲಕ್ಕೆ ಎಂದು ನನ್ನ ವಯಸ್ಸಿನಿಂದ ನೀನೇ ಎಣಿಸು. ವಿದ್ಯೆಯನ್ನು ಹೊಸ್ತಿಲು ದಾಟಿಸಿದವರು ಹುಳು ಮನೆಯಲ್ಲಿ ರೈತನ ಪಕ್ಕ ಕುಕ್ಕರುಗಾಲಲ್ಲಿ ಕೂತು ಮಾತಾಡಿದ ಹುಡುಗರು, ವಾದ ಎಯಿಯಂಥ ಹುಡುಗಿಯರು. ನೀನು ಬ್ಯಾಂಕಿಗೆ ಸೇರು, ಕಂಪ್ಯೂಟರ್ ಕಂಪನಿಗೆ ಸೇರು, ಎಲ್ಲಾದರೂ ಸೇರು. ಅಲ್ಲಿ ಗೊತ್ತಿರುವವರಿಗೂ ಮಾಡುವವರಿಗೂ ನಡುವೆ ಎಲ್ಲಿ ಹೊಸ್ತಿಲು ಅಡ್ಡ ಬಂದಿದೆ ನೋಡು, ಅಲ್ಲಿ ಹೋಗಿ ಕೂರು. ಹಳ್ಳಿಯವರ ಅನುಭವವನ್ನು ಮೌಢ್ಯ ಎಂದು ತಳ್ಳಬೇಡ, ಕಾರಣ ಕೇಳದೆ ಒಪ್ಪಲೂ ಬೇಡ. ಅಜ್ಜಿಯ ಕಿವಿ ಸುಳ್ಳು ಹೇಳುತ್ತಿರಲಿಲ್ಲ. ಹುಳು ಬೇನೆ ಬಿದ್ದರೆ ಮೇವು ಬಿಡುತ್ತದೆ, ಸದ್ದು ಇಳಿಯುತ್ತದೆ. ಕಲಿತದ್ದನ್ನು ಬಚ್ಚಿಟ್ಟುಕೊಳ್ಳಬೇಡ. ಎಷ್ಟು ಮಂದಿಗೆ ಹೇಳಿದರೂ ನಿನ್ನ ಪಾಲಿನದು ಕರಗುವುದಿಲ್ಲ. ತಪ್ಪಿದ್ದನ್ನೂ ಬರೆದಿಡು, ನನ್ನ ಹಳೆಯ ದಾಖಲೆ ಪುಸ್ತಕಗಳಲ್ಲಿ ಸುಟ್ಟ ಹಾಳೆಗಳ ಲೆಕ್ಕವೇ ಹೆಚ್ಚು ಉಪಯೋಗಕ್ಕೆ ಬಂದದ್ದು.

ಈಗ ಹುಳು ಮೂರನೇ ಜ್ವರದಿಂದ ಎದ್ದಿವೆ. ಇನ್ನು ಹನ್ನೆರಡು ದಿನಕ್ಕೆ ಹಣ್ಣಾಗುತ್ತವೆ, ಗೂಡು ಕಟ್ಟುವ ಚಂದ್ರಿಕೆಗೆ ಬಿಡಲು ಕೈ ಸಾಲುವುದಿಲ್ಲ. ರಜೆ ಹಾಕಿ ಬಾ. ಬರುವಾಗ ನಿನ್ನ ಸೋಲೋ ಪುಸ್ತಕ ತಾ. ಕೋಠಿಗೂ ಹೇಳಿಟ್ಟಿದ್ದೇನೆ, ಮೈಕ್ರೋಸ್ಕೋಪಿನಲ್ಲಿ ಒಂದು ಹೊತ್ತು ಕಣ್ಣಿಡಲು ಬಿಡುತ್ತಾರೆ. ನಿನ್ನಜ್ಜಿ ಹುರುಳಿ ಬಸ್ಸಾರು ಮಾಡುತ್ತೇನೆ ಎಂದಿದ್ದಾಳೆ.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ತಾತ